ಗೋಡೆಯಾಚೆಯ ನೀರು

ಮಾರ್ಚ್ ೪, ಮಂಗಳವಾರ. ಬೆಳಿಗ್ಗೆ ಒಂಬತ್ತಕ್ಕೆ ಸವೇತಾ ಠಾಣೆಗೆ ಬಂದಳು. ಗಂಡ ಜಹಾರಿಯಾನನ್ನು ಮಣ್ಣು ಮಾಡಿ ಎರಡು ದಿನವಾಗಿತ್ತು. ಇನ್‌ಸ್ಪೆಕ್ಟರ್ ಸಿಡೋನಿಯಾ ಬರ್ಸಾನ್ ಎದುರು ಕೂತು, ಗಣಿಯವರು ಕೊಟ್ಟ ಕಾಗದವನ್ನು ಮೇಜಿನ ಮೇಲೆ ತಳ್ಳಿದಳು.

"ನನ್ನ ಗಂಡ ಕುಡಿದು ಸತ್ತ ಅಂತ ಬರ್ದಿದ್ದಾರೆ ಮೇಡಂ."

ವಾಲೆಯಾ ಅರ್ಸಾ ಕಲ್ಲಿದ್ದಲು ಗಣಿಯ ಮುದ್ರೆಯಿತ್ತು. ಹಿಮ ಕರಗಿ ಉಕ್ಕಿದ ಹೊಳೆಯ ನೀರು ಬಿರುಕಿನಿಂದ ಕೆಳಗಿನ ಪಂಪ್ ಕೋಣೆಗೆ ನುಗ್ಗಿತು; ಪಂಪಿನವನು ಅಮಲಿನಲ್ಲಿದ್ದು ಎಚ್ಚರಿಕೆಯ ಗಂಟೆ ಒತ್ತಲಿಲ್ಲ; ಕೋಣೆಯಲ್ಲಿ ವೈನ್ ಬಾಟಲಿ ಸಿಕ್ಕಿದೆ. ತಪ್ಪು ಅವನದೇ ಆದ್ದರಿಂದ ಪರಿಹಾರವಿಲ್ಲ.

"ಕುಡೀತಿರ್ಲಿಲ್ವಾ?"

"ಕುಡೀತಿದ್ದ. ಸುಳ್ಳು ಯಾಕೆ ಹೇಳ್ಲಿ? ಆದ್ರೆ ಪ್ಲಮ್ ಸಾರಾಯಿ. ವೈನು ಬಾಣಂತಿ ಕಷಾಯ ಅಂತ ನಗ್ತಿದ್ದ. ನಮ್ಮ ಮದುವೇಲೂ ಮುಟ್ಟದೆ ಪಾದ್ರಿ ಹತ್ರ ಬೈಸ್ಕೊಂಡ." ಅವಳು ಕಾಗದದ ಮೇಲೆ ಬೆರಳಿಟ್ಟಳು. "ದುಡ್ಡು ಕೊಡ್ದೇ ಇದ್ರೂ ಹಾಳಾಗ್ಲಿ. ಆ ಮಾತು ಅಳಿಸ್ಬೇಕು."

ಸಿಡೋನಿಯಾ ಎಫ್‌ಐಆರ್ ದಾಖಲಿಸಿದಳು. ಮರಣೋತ್ತರ ವರದಿಯಲ್ಲಿ ಶ್ವಾಸಕೋಶ ತುಂಬ ನೀರು ಎಂದಿತ್ತು. ರಕ್ತದ ವರದಿ ಇನ್ನೂ ಬಂದಿರಲಿಲ್ಲ.

ಮಧ್ಯಾಹ್ನ ಪೇದೆ ನಿಕೊದಿಮ್‌ನನ್ನು ಕರೆದುಕೊಂಡು ಗಣಿಗೆ ಹೋದಳು. ಸುರಕ್ಷತಾಧಿಕಾರಿ ಬೀರುವಿನಿಂದ ಬಾಟಲಿ ತೆಗೆದಿಟ್ಟ. ಹೊಸ ಬಿಳಿ ನಾರುಬಟ್ಟೆಯಲ್ಲಿ ಸುತ್ತಿತ್ತು. ಬಿರಡೆಯ ಮೇಲಿನ ಅರಗು ಒಡೆದಿರಲಿಲ್ಲ.

"ಕುಡಿದವನು ತಿರುಗಿ ಅರಗು ಹಾಕ್ತಾನಾ?"

"ಇನ್ನೊಂದು ಬಾಟಲಿ ಇದ್ದಿರ್ಬಹುದು."

"ಸಿಕ್ತಾ?"

"ಇಲ್ಲ."

ಪಂಪ್ ವಿಭಾಗದ ಮೇಸ್ತ್ರಿ ಗ್ಲಿಗೋರ್ ಡ್ರಾಗೊಯೆಸ್ಕು ಅವರನ್ನು ಕೆಳಗಿಳಿಸಿದ. ಐವತ್ತೆಂಟರ ಆಳು, ಮಾತು ಕಡಿಮೆ. ನೀರು ಇಳಿದಿದ್ದ ಕೋಣೆಯಲ್ಲಿ ಪಂಚನಾಮೆ ನಡೆಯಿತು. ಚರಂಡಿಯಿಂದ ಆಗಷ್ಟೇ ಬೀಳುತ್ತಿದ್ದ ನೀರನ್ನು ಸಿಡೋನಿಯಾ ಒಂದು ಗಾಜಿನ ಬಾಟಲಿಗೆ ಹಿಡಿದಳು.

"ಜಹಾರಿಯಾ ನಿಮಗೆ ಏನಾಗ್ಬೇಕು?"

"ಜೊತೆಗಾರ. ಇಪ್ಪತ್ತು ವರ್ಷ ಒಂದೇ ಬುತ್ತಿ."

"ವೈನು ಅವನದಾ?"

ಗ್ಲಿಗೋರ್ ತನ್ನ ದೀಪದ ಗಾಜು ಒರೆಸಿದ. "ಗೊತ್ತಿಲ್ಲ ಮೇಡಂ."

ಮೇಲೆ ಬಂದು ಹೊಳೆಯಿಂದಲೂ ಒಂದು ಬಾಟಲಿ ತುಂಬಿಸಿದರು. ಎರಡೂ ಒಂದೇ ಥರ ತಿಳಿಯಾಗಿದ್ದವು. "ಹೊಳೆ ನೀರೇ ಅಂತ ಹೇಳ್ಲಿಲ್ವಾ?" ಎಂದ ಸುರಕ್ಷತಾಧಿಕಾರಿ.

ಮರುದಿನ ಬೆಳಿಗ್ಗೆ ಠಾಣೆಯ ಕಿಟಕಿಯಲ್ಲಿ ಹೊಳೆಯ ನೀರು ಇದ್ದಂತೆಯೇ ಇತ್ತು. ಪಂಪ್ ಕೋಣೆಯದು ಕೆಮ್ಮಣ್ಣು ಕದಡಿದಂತೆ ಕೆಂಪಾಗಿತ್ತು.

ಸಿಡೋನಿಯಾ ಕಾಲೇಜಿನಲ್ಲಿ ರಸಾಯನಶಾಸ್ತ್ರ ಓದಿದವಳು. ವರ್ಷಗಟ್ಟಲೆ ಗಾಳಿ ಕಾಣದೆ ಭೂಮಿಯೊಳಗೆ ನಿಂತ ನೀರು ಕಬ್ಬಿಣವನ್ನು ಕಣ್ಣಿಗೆ ಕಾಣದಂತೆ ಕರಗಿಸಿಕೊಂಡಿರುತ್ತದೆ. ಗಾಳಿ ತಾಗಿದ ಮೇಲಷ್ಟೇ ತುಕ್ಕು ಹಿಡಿಯುತ್ತದೆ. ಇದು ಹೊಳೆಯದಲ್ಲ. ಎಲ್ಲೋ ಮುಚ್ಚಿಟ್ಟಿದ್ದ ನೀರು, ನಿನ್ನೆಯೂ ಹರಿಯುತ್ತಿದ್ದ ನೀರು.

ಗಣಿಯ ನಕ್ಷೆಯಲ್ಲಿ ಅಂಥ ಜಾಗ ಒಂದೇ ಇತ್ತು. ಏಳು ವರ್ಷದ ಹಿಂದೆ ಒಂದು ಸುರಂಗ ಕುಸಿದು ನೀರು ತುಂಬಿ, ಒಬ್ಬ ಕಾರ್ಮಿಕ ಒಳಗೇ ಉಳಿದ. ಅದರ ಬಾಯಿಗೆ ದಪ್ಪ ಕಾಂಕ್ರೀಟ್ ಗೋಡೆ ಕಟ್ಟಿದ್ದರು. ಗೋಡೆಯಲ್ಲಿ ಮನುಷ್ಯ ತೂರುವಷ್ಟು ಕಬ್ಬಿಣದ ಬಾಗಿಲು, ಒತ್ತಡದ ಮಾಪಕ, ಬೀಗ ಹಾಕಿದ ಕವಾಟ. ಬೀಗದ ಕೈ ಪಂಪ್ ಮೇಸ್ತ್ರಿಯ ಹತ್ತಿರ.

"ಒಳಗೆ ಉಳಿದವನ ಹೆಸರು?" ಸಿಡೋನಿಯಾ ಗಣಿ ಕಚೇರಿಗೆ ಫೋನ್ ಮಾಡಿ ಕೇಳಿದಳು.

"ವಿಯೊರೆಲ್ ಡ್ರಾಗೊಯೆಸ್ಕು. ಮೇಸ್ತ್ರಿ ಮಗ."

ಗಣಿಯಿಂದ ವಶಕ್ಕೆ ತಂದ ಬಾಟಲಿಯ ಬಿಳಿ ಬಟ್ಟೆಯನ್ನೇ ನೋಡುತ್ತಿದ್ದ ನಿಕೊದಿಮ್ ತಲೆಯೆತ್ತಿದ. "ಮೇಡಂ, ನೀವು ಬೆಟ್ಟದ ಈಚೆಯವರು. ಆಚೆ ನಮ್ಮ ಗೊರ್ಜ್ ಕಡೆ ಸತ್ತ ಏಳನೇ ವರ್ಷಕ್ಕೆ ಮೂಳೆ ಹೊರಗೆ ತೆಗೀತೀವಿ. ವೈನಲ್ಲಿ ತೊಳ್ದು, ಹೊಸ ಬಟ್ಟೇಲಿ ಕಟ್ಟಿ, ತಿರುಗಿ ಮಣ್ಣು ಮಾಡ್ತೀವಿ. ಅಲ್ಲೀತನಕ ಸತ್ತವರಿಗೆ ನೆಮ್ಮದಿ ಇಲ್ಲ ಅಂತಾರೆ. ಮೇಸ್ತ್ರಿನೂ ನಮ್ಮ ಕಡೆಯವರೇ."

"ಮುಂದಿನ ತಿಂಗಳು ಗಣಿ ಮುಚ್ತಾರಲ್ಲ?"

"ಹೂಂ. ಪಂಪು ಕೀಳ್ತಾರೆ. ಆಮೇಲೆ ಎಲ್ಲಾ ಮುಳುಗುತ್ತೆ."

ಸಿಡೋನಿಯಾ ಟೋಪಿ ತೆಗೆದುಕೊಂಡು ಎದ್ದಳು.

ಇಬ್ಬರೂ ಗಣಿಗೆ ಇಳಿದಾಗ ಗೋಡೆಯ ಹತ್ತಿರ ಗ್ಲಿಗೋರ್ ಒಬ್ಬನೇ ಇದ್ದ. ಕವಾಟ ತೆರೆದಿತ್ತು. ನೀರು ಭೋರೆನ್ನುತ್ತ ಪಂಪ್ ಕೋಣೆಗೆ ಹೋಗುವ ಚರಂಡಿಗೆ ಬೀಳುತ್ತಿತ್ತು.

"ಮುಚ್ಚಿ, ಗ್ಲಿಗೋರ್ ಅವರೇ."

"ಒಂದು ವಾರ ಬಿಡಿ ಮೇಡಂ. ಮುಳ್ಳು ಆರರಲ್ಲಿತ್ತು. ಒಂದೂವರೆಗೆ ಇಳಿಸಿದೀನಿ. ಸೊನ್ನೆಗೆ ಬಂದ್ರೆ ಬಾಗಿಲು ತೆಗೀಬಹುದು."

"ಜಹಾರಿಯಾಗೆ ಹೇಳಿದ್ರಾ?"

"ಇಲ್ಲ. ಸಿಕ್ಕಿಬಿದ್ರೆ ಅವನ ಕೆಲಸಾನೂ ಹೋಗುತ್ತೆ ಅಂತ. ಗೇಟಲ್ಲಿ ತಪಾಸಣೆ ಇಲ್ಲದ ದಿನ ಬಾಟಲಿನ ಮೊದಲೇ ತಂದು, ಪಂಪ್ ಕೋಣೇಲಿ ಅವನ ಪೆಟ್ಟಿಗೆ ಹಿಂದೆ ಇಟ್ಟೆ, ಅವನಿಗೂ ಗೊತ್ತಿಲ್ಲ. ಪಂಪು ನುಂಗೋವಷ್ಟೇ ನೀರು ಬಿಡ್ತಿದ್ದೆ. ಆವತ್ತು ಹಿಮ ಕರಗಿ ಹೊಳೇದೂ ಸೇರ್ತು. ನಾನು ಓಡಿ ಹೋಗೋ ಹೊತ್ತಿಗೆ ಕೋಣೆ ತುಂಬಿತ್ತು."

"ಕುಡಿದಿದ್ದ ಅಂದಾಗ ಸುಮ್ನಿದ್ರಿ."

ಗ್ಲಿಗೋರ್ ಕವಾಟದ ಚಕ್ರದ ಮೇಲಿನ ಕೆಸರನ್ನು ಹೆಬ್ಬೆರಳಿನಿಂದ ಉಜ್ಜಿದ.

"ಈಗ ಪಂಪ್ ಹತ್ರ ಯಾರಿದ್ದಾರೆ?"

"ಒನೊಫ್ರೆಯ್."

"ಅವನಿಗೆ ಈ ನೀರಿನ ವಿಷಯ ಗೊತ್ತಾ? ಮೇಲೆ ಹಿಮ ಇನ್ನೂ ಕರಗ್ತಾ ಇದೆ."

ಗ್ಲಿಗೋರ್ ಮಾಪಕದ ಮುಳ್ಳನ್ನು ಬಹಳ ಹೊತ್ತು ನೋಡಿದ. ಆಮೇಲೆ ಎರಡೂ ಕೈಯಿಂದ ಚಕ್ರ ಹಿಡಿದು ತಿರುಗಿಸತೊಡಗಿದ. ಭೋರ್ಗರೆತ ಸಣ್ಣದಾಯಿತು, ಜಿನುಗಾಯಿತು, ನಿಂತಿತು. ಅವನು ಹಣೆಯನ್ನು ಗೋಡೆಗೆ ಒತ್ತಿದ.

"ಆಗ್ಲಿಲ್ಲ ಮಗಾ," ಎಂದ.

"ಗ್ಲಿಗೋರಣ್ಣ, ಕೈ ಕೊಡಿ," ಎಂದ ನಿಕೊದಿಮ್. ಮಧ್ಯಾಹ್ನ ಎರಡು ಹತ್ತಕ್ಕೆ ಬಂಧನ ಎಂದು ಬರೆದುಕೊಂಡರು.

ಶುಕ್ರವಾರ ರಕ್ತದ ವರದಿ ಬಂತು. ಮದ್ಯವಿರಲಿಲ್ಲ. ಸವೇತಾಗೆ ಅದನ್ನು ಓದಿ ಹೇಳಿ, ನಡೆದದ್ದನ್ನೂ ಸಿಡೋನಿಯಾ ಹೇಳಿದಳು. ಸವೇತಾ ವರದಿಯನ್ನು ಮಡಚಿ ಎದೆಗೊತ್ತಿಕೊಂಡಳು.

"ಆ ಪಾಪಿ ಮಣ್ಣು ಮಾಡಿದ ದಿನ ನನ್ನ ಮನೇಲೇ ಕೂತು ಊಟ ಮಾಡ್ದ ಮೇಡಂ. ಒಂದು ಮಾತು ಹೇಳ್ಲಿಲ್ಲ." ವರದಿಯನ್ನು ಚೀಲಕ್ಕೆ ಹಾಕಿದಳು. "ಆ ಬಾಟಲಿ ಏನ್ಮಾಡ್ತೀರಿ?"

"ಸಾಕ್ಷ್ಯ ಅದು. ಕೋರ್ಟಿಗೆ ಹೋಗುತ್ತೆ."

"ನಾನೂ ಆಚೆ ಕಡೆಯವಳೇ. ಏಳು ವರ್ಷಕ್ಕೆ ನನ್ನವನನ್ನ ತೆಗೀತೀನಿ. ವೈನಲ್ಲೇ ತೊಳೀತೀನಿ, ಬೈದ್ರೆ ಬೈಯ್ಲಿ." ಬಾಗಿಲ ಬಳಿ ನಿಂತಳು. "ಆ ಹುಡುಗನ್ನ ಯಾರು ತೊಳೀತಾರೆ?"

ಸಿಡೋನಿಯಾ ಆ ಸಂಜೆ ಆರೋಪಪಟ್ಟಿಯಲ್ಲಿ ಉದ್ದೇಶ ಎಂಬಲ್ಲಿ 'ಮಗನ ಮೂಳೆಗಾಗಿ' ಎಂದಷ್ಟೇ ಬರೆದಳು. ಕವಾಟಕ್ಕೆ ಠಾಣೆಯ ಮೊಹರು ಬಿದ್ದಿತ್ತು. ಗೋಡೆಯ ಮೇಲಿನ ಮುಳ್ಳು ಆಗಲೇ ಎರಡು ದಾಟಿ ಮೇಲೇರುತ್ತಿದೆ ಎಂದು ಒನೊಫ್ರೆಯ್ ಫೋನ್ ಮಾಡಿ ತಿಳಿಸಿದ.