ಮದುಮಗನ ಚಿತ್ರ

"ನಿಮ್ಮ ದಾಳಿಂಬೆಯನ್ನ ಮಕ್ಕಳು ಈರುಳ್ಳಿ ಅಂದ್ರು, ತರ್ಲಾನ್ ಖಾನುಮ್."

"ಶೀರಾಜಿನ ಮಕ್ಕಳಿಗೆ ದಾಳಿಂಬೆ ಗೊತ್ತಿಲ್ವಾ? ಹೊಟ್ಟೆ ಹಸಿದಿರಬೇಕು. ಊಟ ಆದ್ಮೇಲೆ ಕೇಳಿ ನೋಡಿ, ಡಾಕ್ಟರ್."

ಅವರ ಪರಿಚಯ ಶುರುವಾದದ್ದೇ ಈ ಜಗಳದಿಂದ. ಶೀರಾಜಿನ ಕಿವಿ ಆಸ್ಪತ್ರೆಯಲ್ಲಿ ಅರ್ದವಾನ್ ಪುಟ್ಟ ಮಕ್ಕಳಿಗಾಗಿ ಪಾರಸಿ ಪದಗಳ ಶ್ರವಣ ಪರೀಕ್ಷೆಯೊಂದನ್ನು ತಯಾರಿಸುತ್ತಿದ್ದ. ಹೆಡ್‌ಫೋನಿನಲ್ಲಿ ಒಂದು ಪದ ಕೇಳಿಸುತ್ತದೆ. ಮಗು ಎದುರಿಗಿರುವ ನಾಲ್ಕು ಚಿತ್ರಗಳಲ್ಲಿ ಸರಿಯಾದುದನ್ನು ಮುಟ್ಟಬೇಕು. ಚಿತ್ರ ಬರೆಯುವವಳು ತರ್ಲಾನ್, ಅವನು ಮರ್ಯಾದೆಯಿಂದ 'ಖಾನುಮ್' ಎಂದು ಕರೆಯುವವಳು. ಬರೆದದ್ದೆಲ್ಲ ನಡೆಯುವುದಿಲ್ಲ. ಮೊದಲು ಪಕ್ಕದ ಶಿಶುವಿಹಾರದಲ್ಲಿ, ಕಿವಿ ಚೆನ್ನಾಗಿ ಕೇಳುವ ಮಕ್ಕಳಿಗೆ ತೋರಿಸಬೇಕು. ಅವರು ತಡವರಿಸಿದರೆ ಆ ಚಿತ್ರಕ್ಕೆ ಗೇಟ್‌ಪಾಸ್.

ದಾಳಿಂಬೆಯ ಕಿರೀಟ ದೊಡ್ಡದಾಯಿತು, ಬೆಕ್ಕಿಗೆ ಮೀಸೆ ಬಂತು. ತಿದ್ದಿಸಲೆಂದು ಬಂದವನು ಚಹಾ ಮುಗಿದರೂ ಏಳುತ್ತಿರಲಿಲ್ಲ. ಸಕ್ಕರೆಯ ತುಂಡನ್ನು ಹಲ್ಲಲ್ಲಿ ಕಚ್ಚಿಕೊಂಡೇ ಮಾತಾಡುತ್ತಿದ್ದ. ಪೆನ್ಸಿಲ್ ನೋಡುವ ನೆಪದಲ್ಲಿ ಅವಳ ಬೆರಳುಗಳನ್ನು ನೋಡುತ್ತಿದ್ದ. ಇಂದಲ್ಲ ನಾಳೆ ಹೇಳಿಯೇ ಹೇಳುತ್ತಾನೆಂದು ತರ್ಲಾನ್ ಕಾದಳು. ಆ ಕಾಯುವಿಕೆಯಲ್ಲೂ ಒಂದು ಹುಚ್ಚು ಸುಖವಿತ್ತು.

ಆ ಬೆಳಿಗ್ಗೆ ತೋರಿಸಬೇಕಿದ್ದುದು ಮದುಮಗನ ಚಿತ್ರ.

"ಇದು ಯಾರು, ಪುಟ್ಟಾ?" ಎಂದು ಕೇಳಿದಳು ತರ್ಲಾನ್.

"ಡಾಕ್ಟರ್ ಮಾಮ," ಎಂದಳು ಮೊದಲ ಹುಡುಗಿ. ಎರಡನೆಯವಳೂ ಅದನ್ನೇ ಹೇಳಿದಳು. ಮೂರನೆಯವಳು ಬಾಗಿಲಲ್ಲಿ ನಿಂತಿದ್ದ ಅರ್ದವಾನನತ್ತ ಬೆರಳು ತೋರಿಸಿ ನಕ್ಕಳು.

ತರ್ಲಾನಳ ಮುಖ ಬಿಸಿಯಾಯಿತು. ಹುಬ್ಬಿನ ಮೇಲಿನ ಗಾಯದ ಗುರುತು, ಒಂದೇ ಕಡೆ ಮಡಚಿಕೊಳ್ಳುವ ಕಾಲರು, ಒಂದನ್ನೂ ಅವಳ ಕೈ ಬಿಟ್ಟಿರಲಿಲ್ಲ. ಬೇಕೆಂದೇ ಬರೆದದ್ದಲ್ಲ ಎಂದರೆ ಯಾರು ನಂಬುತ್ತಾರೆ?

ಅವನು ನಗಲಿಲ್ಲ. ಮಕ್ಕಳು ಹೋದ ಮೇಲೆ ಚೀಲದಿಂದ ಮಿಠಾಯಿ ಡಬ್ಬಿ ತೆಗೆದು ಮೇಜಿನ ಮೇಲಿಟ್ಟ.

"ಇಸ್ಫಹಾನಿಂದ ತಂದೆ. ಸೋದರಮಾವನ ಮಗಳ ಜೊತೆ ಮಾತುಕತೆ ಆಯ್ತು. ಅಮ್ಮ ಒಪ್ಪಿಸಿಬಿಟ್ರು."

"ಯಾರನ್ನ? ಅವಳನ್ನೋ, ನಿಮ್ಮನ್ನೋ?"

ಅವನು ಡಬ್ಬಿಯ ದಾರ ಬಿಚ್ಚತೊಡಗಿದ. "ಈ ಮುಖ ಬದಲಾಯಿಸಿ, ಖಾನುಮ್. ಯಾರದ್ದೂ ಅಲ್ಲದ ಮುಖ ಬೇಕು."

"ಮುಬಾರಕ್," ಎಂದು ತರ್ಲಾನ್ ಒಂದು ತುಂಡು ಬಾಯಿಗಿಟ್ಟಳು. ಹೇಡಿ ಎಂದು ಮನಸ್ಸಿನಲ್ಲೇ ಬೈದಳು. ಬೈದದ್ದು ಅವನನ್ನೋ ತನ್ನನ್ನೋ ಅವಳಿಗೇ ತಿಳಿಯಲಿಲ್ಲ.

ಮರುದಿನ ಹೊಸ ಮುಖದ ಚಿತ್ರ ಕಂಡ ಕೂಡಲೇ ಮಕ್ಕಳೆಲ್ಲ "ಮದುಮಗ" ಎಂದರು. ಒಬ್ಬರೂ ತಡವರಿಸಲಿಲ್ಲ.

"ಪಾಸಾಯ್ತು," ಎಂದ ಅರ್ದವಾನ್. ಹೇಳಿ ಹೊರಡಬೇಕಿತ್ತು, ಹೊರಡಲಿಲ್ಲ. "ಆ ಹಳೇ ಚಿತ್ರ ನನಗೆ ಕೊಡ್ತೀರಾ? ನನ್ನ ಹತ್ರ ಇರಲಿ."

ಇಷ್ಟು ದಿನ ಅವಳು ಕಾದದ್ದು ಈ ದನಿಗೇ. ಈಗ ಬಂತು, ಡಬ್ಬಿಯ ಮಿಠಾಯಿಯೆಲ್ಲ ಹಂಚಿ ಮುಗಿದ ಮೇಲೆ.

"ಬೇರೆ ಹಾಳೆ ತಗೊಳ್ಳಲಿಲ್ಲ, ಡಾಕ್ಟರ್. ನಿಮ್ಮನ್ನ ಅಳಿಸಿ ಅದರ ಮೇಲೇ ಇವನನ್ನ ಬರೆದೆ."

ಅವನು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದ. ರಬ್ಬರ್ ಉಜ್ಜಿ ತೆಳ್ಳಗಾದ ಜಾಗದಲ್ಲಿ ಯಾರೋ ಅಪರಿಚಿತ ನಗುತ್ತಿದ್ದ. ತರ್ಲಾನ್ ಪೆನ್ಸಿಲ್ ಚೂಪು ಮಾಡಿಕೊಂಡಳು.

"ಮುಂದಿನ ಪದ ಯಾವುದು?"

"ಮದುಮಗಳು," ಎಂದ ಅವನು, ತಲೆಯೆತ್ತದೆ.