ಅಪ್ಪನ ಫೋನಿನ ಪದ

“ಫೋನ್ ಒಳಗ ಒಯ್ಯಬ್ಯಾಡ್ರಿ ಕಾಕಾ. ಇಲ್ಲೇ, ನಮ್ಮ ಮುಂದ ಮಾಡ್ರಿ.”

ಒಳಕೋಣೆಯ ಪರದೆ ಸರಿಸುತ್ತಿದ್ದ ಶಬ್ಬೀರಸಾಬರು ಅಮೃತಾಳ ಮಾತಿಗೆ ನಿಂತರು. ಕುಷ್ಟಗಿ ಬಸ್‌ಸ್ಟ್ಯಾಂಡಿನ ಎದುರು ಅವರದು ಮೊಬೈಲ್ ಅಂಗಡಿ. ಅಜ್ಜಿಯ ಹಳೇ ಫೋನು, ಅವಳಿಗೆಂದು ಕೊಂಡ ಹೊಸದು ಎರಡನ್ನೂ ಕೌಂಟರಿನ ಮೇಲಿಟ್ಟರು.

“ಒಳಗ ಒಯ್ದು ಛಲೋ ಬ್ಯಾಟರಿ ತಗದು ಕೆಟ್ಟದ್ದು ಹಾಕ್ತಾರಂತ,” ಎಂದು ಗೆಳತಿ ರೂಪಾ ದಾರಿಯಲ್ಲೇ ಹೇಳಿದ್ದಳು.

“ಈ ರಿಂಗ್‌ಟೋನ್ ಹೊಸಾದಕ್ಕ ಹೋಗೂದಿಲ್ಲ ತಂಗಿ. ಕಂಪನಿಯಿಂದ ಕೊಂಡಿದ್ದು. ಲಾಕ್ ಇರ್ತೈತಿ,” ಎಂದರು ಶಬ್ಬೀರಸಾಬರು.

“ಕೊಂಡ ಮ್ಯಾಲೆ ನಮ್ದಲ್ಲೇನ್ರಿ?”

“ಕಂಪನಿಗೆ ಕೇಳು.” ಅವರು ನಕ್ಕರು.

ಅಮೃತಾಳಿಗೆ ನಗು ಬರಲಿಲ್ಲ. ಅಪ್ಪ ಗಂಗಾವತಿಯ ರೈಸ್‌ಮಿಲ್ಲಿನಲ್ಲಿದ್ದ. ಅವನ ನಂಬರಿಗಷ್ಟೇ ಆ ರಿಂಗ್‌ಟೋನ್, ಏಕತಾರಿಯ ಮೇಲೆ ಹಾಡಿದ ದೇವರ ಪದ. ಅಜ್ಜಿಗೆ ಓದಲು ಬಾರದು. ಬೇರೆ ಸದ್ದಾದರೆ ಫೋನು ಮುಟ್ಟುವುದೇ ಇಲ್ಲ.

“ಪದ ಕೇಳಿದ್ರೂ ಲಗೂ ಎತ್ತಂಗಿಲ್ರಿ. ದೇವರ ಪದ ನಡುವ ಕಡೀಬಾರದಂತ. ಕೈಮುಗದು, ಒಂದು ನುಡಿ ಮುಗಿದ ಮ್ಯಾಲೆ ಎತ್ತತಾಳ. ಅಪ್ಪ ಅಲ್ಲೀತನಾ ಕಾಯ್ತಾನ. ಪದ ಹೋದ್ರ ಅಜ್ಜಿ ಅಪ್ಪನ ಕೂಡ ಮಾತಾಡೂದ ಇಲ್ರಿ.”

ಶಬ್ಬೀರಸಾಬರು ಗಲ್ಲ ತುರಿಸಿಕೊಂಡರು. “ಹಂಗಾದ್ರ ಹಳೇದರಾಗ ಹಚ್ಚಿ, ಹೊಸಾದರಾಗ ರೆಕಾರ್ಡ್ ಮಾಡೂಣು. ಸುಮ್ಮನಿರ್ರಿ.”

ಪದ ಶುರುವಾಯಿತು. ಅವರು ಹಳೇ ಫೋನಿನ ಸ್ಪೀಕರ್ ಹೊಸದರ ಕಡೆ ಬರುವಂತೆ ಹೊರಳಿಸಿ, ಹಿಂದಿನ ಮುಚ್ಚಳದ ಮೇಲೆ ಬೆರಳಿಟ್ಟರು. ಅಮೃತಾ ಕೌಂಟರಿಗೆ ಆತುಕೊಂಡು ರೂಪಾಳ ಕಿವಿಯಲ್ಲಿ ಏನೋ ಉಸುರಿದಳು.

ಮುಗಿದ ಮೇಲೆ ಶಬ್ಬೀರಸಾಬರು ಹೊಸ ಫೋನಿನಲ್ಲಿ ಅದನ್ನು ಹಚ್ಚಿದರು. ಏಕತಾರಿ ಬಂತು. ಪದ ಬಂತು. ಪದದ ನಡುವೆ ಸಣ್ಣದೊಂದು ದನಿ: “ಕೈ ಮ್ಯಾಲೆ ಕಣ್ಣಿಡಲೇ. ಬ್ಯಾಟರಿ ಕದೀತಾನ ಇಂವ.”

ರೂಪಾ ತನ್ನ ಚಪ್ಪಲಿ ನೋಡುತ್ತ ನಿಂತಳು. ಅಮೃತಾಳ ಕಿವಿ ಬಿಸಿಯಾದವು.

ಶಬ್ಬೀರಸಾಬರು ಪದ ನಿಲ್ಲಿಸಿದರು.

“ಅಳಸ್ತೀನಿ. ಇಲ್ಲಾಂದ್ರ ನಿಮ್ಮಜ್ಜಿ ಇದಕ್ಕೂ ಕೈಮುಗೀತಾಳ,” ಎಂದರು. ಅದರ ಸದ್ದೂ ಬೀಳದಿರಲೆಂದು ಫ್ಯಾನ್ ಬಂದ್ ಮಾಡಿದರು. “ನಡೀರಿ, ಇನ್ನೊಮ್ಮೆ ಮಾಡೂಣು.”

ಸೆಕೆಗೆ ಅವರ ಹಣೆಯ ಮೇಲೆ ಬೆವರು ಮೂಡಿತು.

ಅಮೃತಾ ಕೌಂಟರ್ ಬಿಟ್ಟು ಸರಿದಳು. ಫೋನುಗಳಿಗೆ ಬೆನ್ನು ಮಾಡಿ ಬಾಗಿಲಿಗೆ ಹೋದಳು. ಕರೆನ್ಸಿ ಹಾಕಿಸಲು ಬಂದಿದ್ದ ಅಜ್ಜನೊಬ್ಬ ಕೆಮ್ಮುತ್ತ ಮೆಟ್ಟಿಲೇರುತ್ತಿದ್ದ. ತುಟಿಯ ಮೇಲೆ ಬೆರಳಿಟ್ಟು ಅವನನ್ನು ಅಲ್ಲೇ ನಿಲ್ಲಿಸಿದಳು.

ಒಳಗೆ ಪದ ಶುರುವಾಯಿತು. ಅದು ಮುಗಿಯುವವರೆಗೂ ಅವಳು ಹಿಂದಿರುಗಿ ನೋಡಲಿಲ್ಲ.