ಉಸಿರು ಎಂಬ ಹೆಸರಿಗೆ ಎರಡು ಬಾಗಿಲು

ಬೆಳಿಗ್ಗೆ ಹತ್ತಕ್ಕೆ ಠಾಣೆಗೆ ಬಂದ ಹೆಂಗಸು ಆಂಬುಲೆನ್ಸ್ ಮಾಲಕಿ. ಅವಳ ಎರಡು ಗಾಡಿಗಳೂ ಸ್ವಂತ ದುಡಿಮೆಯವು. ಇಂಟರ್ನೆಟ್‌ನಲ್ಲಿ ‘ಉಸಿರು’ ಎಂಬ ಅವಳ ಡೊಮೈನ್ ಹೆಸರು ಒತ್ತಿ ಜನ ಗಾಡಿ ಕರೆಸುತ್ತಿದ್ದರು. ಹಿಂದಿನ ದಿನ ಹಳೇಪೇಟೆಯಲ್ಲಿ ಮುದುಕನೊಬ್ಬನಿಗೆ ಎದೆನೋವು ಬಂದು, ಸೊಸೆ ಅದೇ ಹೆಸರು ಒತ್ತಿದರೆ ತೆರೆದದ್ದು ಹೂವಿನ ಅಂಗಡಿಯ ಪುಟ. ಪಕ್ಕದ ಮನೆಯವರ ಕಾರಿನಲ್ಲಿ ಆಸ್ಪತ್ರೆ ಸೇರಿ ಹೇಗೋ ಬದುಕಿದ.

“ಇನ್ನೊಬ್ಬರಿಗೆ ಹಾಗಾದ್ರೆ ಗತಿ ಏನು ಸರ್?” ಎಂದಳು.

ಇಂಟರ್ನೆಟ್ ಎಂದ ಕೂಡಲೇ ದೂರನ್ನು ಬೇರೆ ಠಾಣೆಗೆ ಸಾಗಹಾಕುವವರಿದ್ದಾರೆ. ಈ ಠಾಣೆಯವರು ಅಂಥವರಲ್ಲ, ಆ ಹೆಮ್ಮೆ ಅವರಿಗಿರಲಿ. ಇನ್‌ಸ್ಪೆಕ್ಟರ್ ಎಫ್‌ಐಆರ್ ಬರೆಸಿದರು. ಎಲ್ಲರೂ ಚೂಟಿ ಎನ್ನುವ ಮಹಿಳಾ ಕಾನ್‌ಸ್ಟೆಬಲ್ ಬೀದಿ ಬೀದಿ ಸುತ್ತಿ, ಅಂಗಡಿ ಅಂಗಡಿಯಲ್ಲಿ ಆ ಹೆಸರು ಒತ್ತಿಸಿ ನೋಡಿದಳು. ಹೊಸ ಬಡಾವಣೆಯಲ್ಲಿ ಆಂಬುಲೆನ್ಸ್, ಹಳೇಪೇಟೆಯಲ್ಲಿ ಹೂವು. ಹಳೇಪೇಟೆಗೆಲ್ಲ ಇಂಟರ್ನೆಟ್ ಕೊಡುವವನು ಒಬ್ಬನೇ ಕೇಬಲ್‌ನವನು.

ಅವನು ತಡವರಿಸುತ್ತಲೇ ಬಿಡಿಸಿ ಹೇಳಿದ. ಯಾರಾದರೂ ಹೆಸರು ಒತ್ತಿದರೆ, ಅದು ಎಲ್ಲಿಗೆ ಹೋಗಬೇಕೆಂದು ಅವನ ಯಂತ್ರ, ಊರಿನವರಿಗೆ ಇಂಥ ಹೆಸರು ಕೊಡುವ ನೋಂದಣಿ ಕಚೇರಿಯ ಸರ್ವರನ್ನು ಕೇಳುತ್ತದೆ. ನೋಂದಣಿ ಈಗ ಹೊಸ ಕಂಪನಿಯ ಕೈಯಲ್ಲಿದೆ. ಆದರೆ ಹಳೇ ಸರ್ವರನ್ನೇ ಕೇಳುತ್ತಿರು ಎಂದು ಕಚೇರಿಯಿಂದ ಫೋನ್ ಬಂದಿತ್ತಂತೆ, ಇವನು ನಂಬಿದ.

ಹೂವಿನವನದೂ ಅದೇ ಕತೆ. ಕಚೇರಿಯ ಹಳೇ ಇಮೇಲ್‌ಗೆ ಅರ್ಜಿ ಹಾಕಿದ ಮೇಲೆ ಹಿರಿಯರೊಬ್ಬರು ಫೋನ್ ಮಾಡಿ, ಈ ಹೆಸರೇ ಯಾಕೆ ಬೇಕು ಎಂದು ವಿಚಾರಿಸಿ, ಒಳ್ಳೆಯದಾಗಲಿ ಎಂದು ಹರಸಿ ಹೆಸರು ಕೊಟ್ಟಿದ್ದರು.

“ನೀವು ಹೀಗೆ ಫೋನ್ ಮಾಡ್ತೀರಾ?” ಎಂದು ಇನ್‌ಸ್ಪೆಕ್ಟರ್ ಕಂಪನಿಯ ಮ್ಯಾನೇಜರನ್ನು ಕೇಳಿದರು.

“ನಮಗೆಲ್ಲಿ ಪುರುಸೊತ್ತು ಸರ್? ಎಲ್ಲ ಯಂತ್ರವೇ ಕೊಡುತ್ತೆ. ದನಿ ಕೇಳದೆ ಹೆಸರು ಕೊಡದವರು ಹಳೇ ಕಚೇರಿಯ ಹೆಸರಪ್ಪ ಒಬ್ಬರೇ. ನಿವೃತ್ತರಾದರು.”

ಹೂವಿನವನಿಗೆ ಬಂದ ಕರೆಯ ಜಾಡು ಹಿಡಿದರೆ ಅದು ಹೆಸರಪ್ಪನ ಮನೆಗೇ ಹೋಯಿತು. ಮಗಳು ಬಾಗಿಲು ತೆರೆದಳು. ನಡುಮನೆಯ ಮೇಜಿನ ಕೆಳಗೆ, ಕಚೇರಿಯ ಹಳೇ ಹೆಸರುಗಳನ್ನೆಲ್ಲ ನಕಲು ಮಾಡಿಕೊಂಡಿದ್ದ ಸ್ವಂತ ಸರ್ವರ್ ಗುಂಯ್‌ಗುಡುತ್ತಿತ್ತು. ನೆರೆಯವರಿಬ್ಬರನ್ನು ಕರೆದು ಪಂಚನಾಮೆ ಶುರುಮಾಡಿದರು. ಹೆಸರಪ್ಪ ಏನನ್ನೂ ಮುಚ್ಚಿಡಲಿಲ್ಲ, ಕೇಬಲ್‌ನವನಿಗೆ ಫೋನ್ ಮಾಡಿದ್ದೂ ತಾವೇ ಎಂದರು.

“ಈ ಊರಿಗೆ ಹೆಸರು ಕೊಟ್ಟವನೇ ನಾನು. ನಾನು ಕೊಟ್ಟದ್ದು ಒಂದಾದ್ರೂ ದಾರಿ ತಪ್ಪಿಸಿದೆಯಾ, ಹೇಳಿ ನೋಡೋಣ.”

ಇನ್‌ಸ್ಪೆಕ್ಟರ್ ಎದೆನೋವಿನ ಮುದುಕನ ವಿಷಯ ಹೇಳಿದರು. ಹೆಸರಪ್ಪನ ಮುಖ ಕಳೆಗುಂದಿತು.

“ಕಂಪನಿ ಯಾರಿಗೆ ಏನು ಕೊಟ್ಟಿದೆ ಅಂತ ನಾನು ನೋಡ್ಲೇ ಇಲ್ಲ,” ಎಂದರು. “ನೋಡಬಾರದು ಅಂತ ಹಟ.”

ಜಪ್ತಿ ಮಾಡಲು ಚೂಟಿ ಸರ್ವರಿನ ವೈರ್‌ಗೆ ಕೈಹಾಕಿದಳು. ಹೆಸರಪ್ಪ ದಡಬಡಿಸಿ ಎದ್ದರು. “ಕೀಳಬೇಡಮ್ಮಾ. ಇದನ್ನ ನಂಬಿರೋರ ಹೆಸರೆಲ್ಲ ಒಂದೇ ಏಟಿಗೆ ಅಳಿಸಿಹೋಗುತ್ತೆ.”

ಇನ್‌ಸ್ಪೆಕ್ಟರ್ ಕುರ್ಚಿ ಎಳೆದು ಎದುರಿಗೆ ಕೂತರು. “ಹಾಗಾದ್ರೆ ಇದನ್ನ ಕಂಪನಿಗೆ ಹೇಗೆ ಒಪ್ಪಿಸಬೇಕು? ನೀವೇ ಹೇಳಿಕೊಡಿ ಯಜಮಾನರೇ.”

ಹೆಸರಪ್ಪ ಕನ್ನಡಕ ಒರೆಸಿ ಹಾಕಿಕೊಂಡರು. ಕೇಬಲ್‌ನವನನ್ನೂ ಮ್ಯಾನೇಜರನ್ನೂ ಕರೆಸಿದರು. ಮೊದಲು ‘ಉಸಿರು’ ಆಂಬುಲೆನ್ಸ್‌ಗೆ ಹೋಗುವಂತೆ ಮಾಡಿದರು. ಹೂವಿನವನಿಗೆ ಫೋನ್ ಮಾಡಿ ಕ್ಷಮೆ ಕೇಳಿ, ಬೇರೆ ಹೆಸರಿಗೆ ಒಪ್ಪಿಸಿದರು. ಉಳಿದವನ್ನು ಒಂದೊಂದಾಗಿ ಕಂಪನಿಯ ಕಡೆ ದಾಟಿಸುವುದನ್ನು ಮ್ಯಾನೇಜರಿಗೆ ಕಲಿಸಿದರು. ಒಂದು ಹೆಸರೂ ನಡುವೆ ನಿಲ್ಲಲಿಲ್ಲ. ಮಗಳು ಬಾಗಿಲಿಗೆ ಒರಗಿ ಅಪ್ಪನನ್ನೇ ನೋಡುತ್ತಿದ್ದಳು, ಕಣ್ಣು ತುಂಬಿತ್ತು.

ಸಂಜೆ ಹಳೇಪೇಟೆಯಿಂದ ಚೂಟಿ ಫೋನ್ ಮಾಡಿದಳು: ಆಂಬುಲೆನ್ಸೇ ತೆರೆಯುತ್ತಿದೆ. ಆಮೇಲೆ ಹೆಸರಪ್ಪನನ್ನು ದಸ್ತಗಿರಿ ಮಾಡಿದರು. ಹೇಳಿಕೆಯಲ್ಲಿ ಅವರು ತಮ್ಮ ಸಮರ್ಥನೆಗೆಂದು ಬರೆಸಿದ್ದು ಇಷ್ಟೇ. ಕಂಪನಿಯವರು ಬಂದ ದಿನ ಬೀಗದ ಕೈ ಇಸಿದುಕೊಂಡರು, ಕಚೇರಿಯ ಯಂತ್ರ ಇಸಿದುಕೊಂಡರು, ಇಷ್ಟು ವರ್ಷ ಇದನ್ನು ಹೇಗೆ ನಡೆಸಿದಿರಿ ಎಂದು ಒಬ್ಬರೂ ಕೇಳಲಿಲ್ಲ. ಜೀಪು ಹತ್ತುವ ಮುಂಚೆ ಅಂಗಿಯ ತೋಳು ಸರಿಮಾಡಿಕೊಂಡು ಮಗಳಿಗೆ ಹೇಳಿದರು: “ಇವತ್ತು ಕೇಳಿದ್ರು ಕಣಮ್ಮ.”